ರೈಲು ನಿಂತ ಮೇಲೆ ಏರಿಯ ಪಾಡು

ಮಂಡ್ಯ ಸೀಮೆಯಲ್ಲಿ ಎರಡು ಉದ್ದನೆಯ ಏರಿಗಳಿವೆ. ಒಂದು ವಿಶ್ವೇಶ್ವರಯ್ಯ ನಾಲೆಯದು, ಹಳಬರ ಬಾಯಲ್ಲಿ ಇರ್ವಿನ್ ನಾಲೆ. ಇನ್ನೊಂದು ಬೆಂಗಳೂರು–ಮೈಸೂರು ರೈಲಿನದು. ಹೊಳಲಿನ ಕಡೆಯ ಭತ್ತ, ಕಬ್ಬಿನ ಬಯಲಲ್ಲಿ ಬೆಳೆದವರಿಗೆ ನಾಲೆ ಏರಿ ಎಂದರೆ ದನ ಹೊಡೆದುಕೊಂಡು ಹೋಗುವ, ಸಂಜೆ ಹೊತ್ತು ಕೂತು ಮಾತಾಡುವ ಜಾಗ. ರೈಲಿನ ಏರಿ ನೆನಪಾಗುವುದು ಮಂಡ್ಯ ಸ್ಟೇಷನ್ನಿಗೆ ಹೋದಾಗ ಮಾತ್ರ. ಆದರೆ ಎರಡನ್ನೂ ಕಟ್ಟಿಸಿದ ಎಂಜಿನಿಯರುಗಳ ತಲೆನೋವು ಒಂದೇ ಆಗಿತ್ತು, ಇಳಿಜಾರು. ನಾಲೆಯ ನೀರು ತಾನಾಗಿ ಇಳಿದು ಹೋಗಬೇಕು, ಹಾಗೆಂದು ರಭಸಕ್ಕೆ ಬಿದ್ದು ದಡ ಕೊರೆಯಬಾರದು. ರೈಲಿನ ಕಷ್ಟ ಬೇರೆ ಬಗೆಯದು. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಉರುಳುವಾಗ ತಡೆ ತೀರಾ ಕಡಿಮೆ. ಒಂದೇ ಎಂಜಿನ್ನು ಸಾವಿರಾರು ಟನ್ ಎಳೆಯುವುದು ಇದರಿಂದಲೇ. ಏರು ಬಂದೊಡನೆ ಗಾಲಿ ಹಿಡಿತ ತಪ್ಪಿ ಜಾರುವುದೂ ಇದರಿಂದಲೇ. ಹೀಗಾಗಿ ಬಯಲುಸೀಮೆಯ ರೈಲುದಾರಿ ನೂರು ಮೀಟರ್ ಹೋದರೆ ಒಂದು ಮೀಟರಿನಷ್ಟು ಏರಬಹುದು, ಅದಕ್ಕಿಂತ ಹೆಚ್ಚು ಏರುವುದು ಅಪರೂಪ. ಪಶ್ಚಿಮ ಘಟ್ಟವನ್ನು ಇಳಿಯುವ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗದಲ್ಲೂ ಐವತ್ತು ಮೀಟರಿಗೆ ಒಂದು ಮೀಟರ್, ಅಷ್ಟೇ.

ಈ ಲೆಕ್ಕವನ್ನು ನಡೆಯುವವರ ಕಣ್ಣಿನಿಂದ ನೋಡಿ. ಗಾಲಿಕುರ್ಚಿಗಾಗಿ ಕಟ್ಟುವ ಇಳಿಜಾರಿಗೆ ಹನ್ನೆರಡಕ್ಕೆ ಒಂದು ಎಂಬುದು ಒಪ್ಪಿತ ಮಿತಿ. ಘಟ್ಟದ ರೈಲುದಾರಿಯೇ ಅದರ ಕಾಲುಭಾಗದಷ್ಟು ಮಾತ್ರ ಕಡಿದಾಗಿದೆ. ಮಂಡಿನೋವಿನ ಅಜ್ಜಿ, ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಹುಡುಗಿ, ಮಗುವಿನ ಗಾಡಿ ತಳ್ಳುವ ತಾಯಿ, ಇವರಿಗೆಲ್ಲ ಇದಕ್ಕಿಂತ ಹದವಾದ ದಾರಿಯನ್ನು ಯಾವ ನಗರಪಾಲಿಕೆಯೂ ಹೊಸದಾಗಿ ಕಟ್ಟಿಕೊಡಲಾರದು. ತಿರುವುಗಳು ಅಗಲ, ನೋಟ ದೂರದವರೆಗೆ ಸಾಗುತ್ತದೆ. ಮಳೆನೀರು ನಿಲ್ಲದಂತೆ ಎರಡೂ ಬದಿ ಚರಂಡಿಯಿದೆ, ಹಳ್ಳ ಬಂದಲ್ಲಿ ಮೋರಿಯಿದೆ. ರೈಲು ನಿಂತುಹೋದ ದಾರಿಯನ್ನು ಜನರ ಹಸಿರು ದಾರಿ ಮಾಡುವ ಯೋಚನೆ ಜಗತ್ತಿನ ಹಲವು ಊರುಗಳಲ್ಲಿ ಒಂದೊಂದಾಗಿ ಚಿಗುರಿದ್ದಕ್ಕೆ ಇದೇ ಕಾರಣ. ಕಷ್ಟದ ಮಣ್ಣಿನ ಕೆಲಸ ನೂರು ವರ್ಷದ ಹಿಂದೆಯೇ ಮುಗಿದಿರುತ್ತದೆ.

ಮಂಡ್ಯದ ಮಟ್ಟಿಗೆ ಆ ಮಣ್ಣು ಹೊತ್ತವರು ಬರಗಾಲದ ಜನ. 1876–78ರ ಧಾತು ಈಶ್ವರ ಬರದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿದಾಗ ಹಸಿದವರಿಗೆ ಕೂಲಿ ಕೊಡಲು ಹಿಡಿದ ಕಾಮಗಾರಿಗಳಲ್ಲಿ ಬೆಂಗಳೂರು–ಮೈಸೂರು ರೈಲೂ ಒಂದು. 1882ರ ಹೊತ್ತಿಗೆ ಮೀಟರ್‌ಗೇಜ್ ಗಾಡಿ ಮದ್ದೂರು, ಮಂಡ್ಯ ದಾಟಿ ಮೈಸೂರು ಮುಟ್ಟಿತು. ನೂರು ವರ್ಷ ಕಳೆದ ಮೇಲೆ ಬ್ರಾಡ್‌ಗೇಜ್ ಬಂತು, ಆಮೇಲೆ ಜೋಡಿ ಹಳಿ, ವಿದ್ಯುತ್ ತಂತಿ. ಎಲ್ಲವೂ ಬಹುಪಾಲು ಅದೇ ಏರಿಯ ಮೇಲೆ, ಅದರ ಪಕ್ಕದಲ್ಲಿ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡ ಬಂದದ್ದು ಟಿಪ್ಪುವಿನ ಮದ್ದಿನಮನೆ. 2017ರಲ್ಲಿ ಆ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ನಮ್ಮಲ್ಲಿ ರೈಲು ಜಾಗ ಬಿಡುವುದಿಲ್ಲ, ಬೇರೆಯವರೇ ಸರಿಯಬೇಕು. ಆದ್ದರಿಂದ ಒಂದು ಕಾಲಕ್ಕೆ ನ್ಯೂಯಾರ್ಕಿನಲ್ಲಿದ್ದಂತೆ ಊರ ನಡುವೆ ಅನಾಥವಾಗಿ ಬಿದ್ದ ರೈಲುದಾರಿ ಕರ್ನಾಟಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸಿಗುವುದು ತುಂಡುಗಳು. ನಂಜನಗೂಡಿನಲ್ಲಿ ಕಬಿನಿಗೆ 1735ರಲ್ಲಿ ಕಟ್ಟಿದ ಕಲ್ಲುಸೇತುವೆ ಬಹುಕಾಲ ರೈಲನ್ನೂ ಹೊತ್ತು, ಬ್ರಾಡ್‌ಗೇಜಿಗೆ ಪಕ್ಕದಲ್ಲೇ ಹೊಸ ಸೇತುವೆ ಬಂದ ಮೇಲೆ ಸುಮ್ಮನೆ ನಿಂತಿದೆ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಎರಡಡಿ ಅಗಲದ ಹಳಿಯ ಮೇಲೆ ಓಡುತ್ತಿದ್ದ ಪುಟ್ಟ ರೈಲಿನ ದಾರಿ ಈಗ ಹಳಬರ ನೆನಪಿನಲ್ಲಿ ಮಾತ್ರ ಇಡಿಯಾಗಿದೆ.

ಬಿಟ್ಟ ಹಳಿಯ ಮೇಲೆ ಹಸಿರು ಹೇಗೆ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ.

ಹಳಿಯ ಕೆಳಗಿನ ಜಲ್ಲಿ ಗಿಡಗಳಿಗೆ ಬೇಡವಾದ ಜಾಗ. ಅದನ್ನು ಹಾಗೆಂದೇ ಮಾಡಿರುತ್ತಾರೆ. ಎರಡು ಮೂರು ಅಂಗುಲದ ಒಡೆದ ಕರಿಕಲ್ಲು, ಒಂದು ಅಡಿಯಷ್ಟು ದಪ್ಪ. ಅದರ ಕೆಲಸ ಮೂರು: ರೈಲಿನ ಭಾರ ಹಂಚುವುದು, ನೀರು ಬಸಿಯುವುದು, ಕಳೆ ಬೇರೂರದಂತೆ ನೋಡಿಕೊಳ್ಳುವುದು. ಬೇಸಿಗೆಯ ಮಧ್ಯಾಹ್ನ ಆ ಕಲ್ಲು ಬರಿಗೈಯಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ. ರೈಲು ಓಡುವವರೆಗೆ ಗ್ಯಾಂಗ್‌ಮನ್‌ಗಳು ಜಲ್ಲಿ ಜರಡಿ ಹಿಡಿದು ದೂಳು ತೆಗೆಯುತ್ತಲೇ ಇರುತ್ತಾರೆ. ಅವರು ಬರುವುದು ನಿಂತ ದಿನದಿಂದ ಲೆಕ್ಕ ಬದಲಾಗುತ್ತದೆ. ಗಾಳಿ ತಂದ ದೂಳು ಕಲ್ಲಿನ ಸಂದಿಗೆ ಇಳಿಯುತ್ತದೆ, ಒಣಗಿದ ಎಲೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಕಲ್ಲು ಕಾದಿದ್ದರೂ ಒಂದು ಗೇಣು ಕೆಳಗೆ ನೆರಳು, ತೇವ. ಮೊದಲು ಬರುವವು ಒಂದೇ ಮಳೆಗಾಲದಲ್ಲಿ ಹುಟ್ಟಿ ಹೂಬಿಟ್ಟು ಸಾಯುವ ಗಿಡಗಳು: ತುಂಬೆ, ನೆಗ್ಗಿಲು, ಉತ್ತರಾಣಿ. ಅವು ಸತ್ತು ಕೊಳೆತು ಎರಡು ಚಿಟಿಕೆ ಮಣ್ಣಾಗುತ್ತವೆ. ಆ ಮಣ್ಣಿಗೆ ಗರಿಕೆ ಬರುತ್ತದೆ, ಅದರ ಬೇರು ದೂಳನ್ನು ಹಿಡಿದು ನಿಲ್ಲಿಸುತ್ತದೆ. ಎಕ್ಕ ಬರುತ್ತದೆ, ಲಂಟಾನ ಬರುತ್ತದೆ. ಲಂಟಾನದ ಹಣ್ಣಿಗೆ ಪಿಕಳಾರ ಬರುತ್ತದೆ, ಹಿಕ್ಕೆಯಲ್ಲಿ ಅತ್ತಿ, ಆಲ, ಬೇವಿನ ಬೀಜ ತರುತ್ತದೆ. ಹತ್ತಿಪ್ಪತ್ತು ವರ್ಷ ಯಾರೂ ಕೈಹಾಕದಿದ್ದರೆ ಹಳಿಯ ನಡುವೆ ಮರ ನಿಂತಿರುತ್ತದೆ. ರೈಲು ನಿಂತ ದಾರಿಗೆ ಗಿಡಗಳಷ್ಟೇ ಅಲ್ಲ, ಜನರೂ ಬರುತ್ತಾರೆ. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗವನ್ನು ಬ್ರಾಡ್‌ಗೇಜ್ ಮಾಡಲು 1990ರ ದಶಕದ ನಡುವಿನಲ್ಲಿ ಮುಚ್ಚಿ, ಮತ್ತೆ ಗೂಡ್ಸ್ ಗಾಡಿ ಬಿಟ್ಟದ್ದು 2006ರಲ್ಲಿ. ಆ ಹತ್ತು ವರ್ಷ ಅದೇ ಮಾರ್ಗದ ಯಡಕುಮರಿಯ ಸುರಂಗಗಳ ದಾರಿ ಚಾರಣಿಗರ ಪಾಲಿಗೆ ಹಬ್ಬವಾಗಿತ್ತು. ಈಗಲೂ ಕೆಲವರು ಆ ಹುಚ್ಚಿನಲ್ಲಿ ಹಳಿಗಿಳಿಯುತ್ತಾರೆ. ರೈಲು ಓಡುವ ಹಳಿ ಅದು, ಸುರಂಗದೊಳಗೆ ಸರಿದು ನಿಲ್ಲಲು ಜಾಗ ತೀರಾ ಕಡಿಮೆ, ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧವೂ ಹೌದು. ಇಳಿಯಬೇಡಿ.

ಏರಿಯ ಬದಿಯಲ್ಲಿ ಇನ್ನೊಂದು ಸಂಪತ್ತಿದೆ, ಅದನ್ನು ಹೊರದೇಶದ ಪುಸ್ತಕಗಳು ಹೆಚ್ಚಾಗಿ ಹೇಳುವುದಿಲ್ಲ. ಏರಿ ಕಟ್ಟಲು ಮಣ್ಣು ಬೇಕಾದಾಗ ನಮ್ಮವರು ಅದನ್ನು ಪಕ್ಕದಲ್ಲೇ ಅಗೆದರು. ಆ ಗುಂಡಿಗಳು ಇಂದಿಗೂ ರೈಲುದಾರಿಯ ಉದ್ದಕ್ಕೂ ಸಾಲಾಗಿವೆ. ಮಳೆಗಾಲದಲ್ಲಿ ತುಂಬಿ, ಜೊಂಡು ಬೆಳೆದು, ಬೆಳ್ಳಕ್ಕಿ, ಮಿಂಚುಳ್ಳಿ, ಕಪ್ಪೆಗಳ ಬೀಡಾಗುತ್ತವೆ. ರೈಲಿನ ಕಿಟಕಿಯಿಂದ ಹಕ್ಕಿ ನೋಡುವವರಿಗೆ ಇದು ಗೊತ್ತು. ಹಸಿರು ದಾರಿಯ ನಕ್ಷೆ ಬರೆಯುವ ಯಾರೂ ಇವನ್ನು ತಗ್ಗು ಎಂದು ಮುಚ್ಚಿಸಬಾರದು. ಮಳೆನೀರನ್ನು ನೆಲಕ್ಕೆ ಇಂಗಿಸುವ ಕೆಲಸ ಅವು ಆಗಲೇ ಮಾಡುತ್ತಿವೆ.

ರೈಲುದಾರಿ ಬರುವ ಗಿಡವನ್ನೆಲ್ಲ ಬಿಟ್ಟುಕೊಳ್ಳುತ್ತದೆ ಎಂಬುದೇ ಅದರ ತೊಂದರೆ. ಇಟಲಿಯ ಎಟ್ನಾ ಅಗ್ನಿಪರ್ವತದ ಸೀಮೆಯ ಹಳದಿ ಹೂವಿನ ಗಿಡವೊಂದನ್ನು ಆಕ್ಸ್‌ಫರ್ಡಿನ ಸಸ್ಯೋದ್ಯಾನದಲ್ಲಿ ಬೆಳೆಸಿದ್ದರು. 19ನೇ ಶತಮಾನದಲ್ಲಿ ಆ ಊರಿಗೆ ರೈಲು ಬಂತು. ಹಳಿಯ ಪಕ್ಕದ ಕಲ್ಲು, ಕಿಟ್ಟ ಆ ಗಿಡಕ್ಕೆ ತವರಿನ ಲಾವಾದಂತೆಯೇ ಹಿಡಿಸಿತು. ಗಾಡಿಯ ಹಿಂದಿನ ಗಾಳಿಗೆ ಅದರ ಹತ್ತಿಯಂಥ ನವಿರಿನ ಬೀಜ ಹಾರಿ ಇಂಗ್ಲೆಂಡಿನ ಉದ್ದಗಲಕ್ಕೂ ಹಬ್ಬಿತು. ನಮ್ಮ ಪಾಲಿಗೆ ಬಂದದ್ದು ಕಾಂಗ್ರೆಸ್ ಗಿಡ. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಪಾರ್ಥೇನಿಯಂ ರಸ್ತೆ, ರೈಲು, ನಾಲೆಗಳ ಬದಿ ಹಿಡಿದು ಮುಂದೆ ನಡೆಯಿತು. ಒಂದು ಗಿಡಕ್ಕೆ ಸಾವಿರಾರು ಬೀಜ. ಅದರ ರಸ ನೆರೆಯ ಗಿಡಗಳ ಮೊಳಕೆಯನ್ನು ಅದುಮುತ್ತದೆ, ಕೆಲವರ ಚರ್ಮಕ್ಕೆ, ಉಸಿರಿಗೆ ಆಗಿಬರುವುದಿಲ್ಲ. ಇದನ್ನು ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಭಾರತದಲ್ಲಿ ಮೊದಲು ಬಿಟ್ಟದ್ದು ಬೆಂಗಳೂರಿನಲ್ಲೇ, 1984ರಲ್ಲಿ. ಮಳೆಗಾಲದಲ್ಲಿ ಎಲೆಯೆಲ್ಲ ತೂತಾಗಿ ನಿಂತ ಕಾಂಗ್ರೆಸ್ ಗಿಡ ಕಂಡರೆ ಅದು ಆ ಹುಳದ ಕೆಲಸ. ಹುಳ ಗೆಲ್ಲಲಿಲ್ಲ, ಸೋಲಲೂ ಇಲ್ಲ. ಯಾವುದೇ ಹಸಿರು ದಾರಿಯ ಖರ್ಚಿನ ಪಟ್ಟಿಯಲ್ಲಿ ಗಿಡ ನೆಡುವುದಕ್ಕಿಂತ ಕಳೆ ಕೀಳುವುದಕ್ಕೆ ಹೆಚ್ಚು ಹಣ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನೆಡುವುದಕ್ಕೆ ಮಂತ್ರಿಗಳು ಸಿಗುತ್ತಾರೆ, ಕೀಳುವುದಕ್ಕೆ ಯಾರೂ ಸಿಗುವುದಿಲ್ಲ.

ಇನ್ನು ವಿಷದ ಮಾತು. ಹಳೆಯ ಮರದ ಸ್ಲೀಪರುಗಳಿಗೆ ಗೆದ್ದಲು ಹಿಡಿಯದಂತೆ ಕಲ್ಲಿದ್ದಲ ಡಾಂಬರಿನಿಂದ ತೆಗೆದ ಕ್ರಿಯೊಸೋಟ್ ಎಂಬ ಎಣ್ಣೆ ಕುಡಿಸುತ್ತಿದ್ದರು. ಅದರಲ್ಲಿರುವ ಕೆಲವು ರಾಸಾಯನಿಕಗಳು ಕ್ಯಾನ್ಸರ್‌ಕಾರಕ. ಹಲವು ದೇಶಗಳಲ್ಲಿ ಹಳಿಯ ಕಳೆ ಕೊಲ್ಲಲು ಆರ್ಸೆನಿಕ್ ಸಿಂಪಡಿಸಿದ್ದರು. ಎಂಜಿನ್ನಿನ ಎಣ್ಣೆ, ಬ್ರೇಕಿನ ದೂಳಿನ ಲೋಹ ಬೇರೆ. ನಮ್ಮ ಹಳಿಗಳ ಮೇಲೆ ಇನ್ನೊಂದು ಹೆಚ್ಚುವರಿ: ಜೈವಿಕ ಶೌಚಾಲಯಗಳು ಬರುವವರೆಗೆ ಬೋಗಿಗಳ ಕಕ್ಕಸು ನೇರ ಕೆಳಗೇ ಬೀಳುತ್ತಿತ್ತು. ಅದು ವಿಷವಲ್ಲ, ಗೊಬ್ಬರ, ಆದರೆ ಗೊಬ್ಬರ ಹೆಚ್ಚಿದಲ್ಲಿ ಅಡ್ಡಾದಿಡ್ಡಿ ಬೆಳೆಯುವುದು ಕಳೆಯೇ. ಹೀಗಾಗಿ ಹಳಿ ಕಿತ್ತ ಜಾಗದಲ್ಲಿ ಮೊದಲ ಕೆಲಸ ಮಣ್ಣಿನ ಪರೀಕ್ಷೆ. ಫಲಿತಾಂಶ ಬರುವ ಮುಂಚೆ ಅಲ್ಲಿ ಸೊಪ್ಪು, ಮೂಲಂಗಿ ಬೆಳೆಯುವ ಉತ್ಸಾಹ ಬೇಡ. ಆರ್ಸೆನಿಕ್ ಇದ್ದರೆ ಒಂದು ಸೋಜಿಗದ ಉಪಾಯವಿದೆ. ನಮ್ಮ ಹಳೇ ಬಾವಿಯ ಗೋಡೆ, ಕೋಟೆಯ ಕಲ್ಲುಸಂದಿಗಳಲ್ಲಿ ಉದ್ದುದ್ದ ಗರಿಯ ಒಂದು ಜರಿಗಿಡ ಬೆಳೆಯುತ್ತದೆ, ಸಸ್ಯವಿಜ್ಞಾನಿಗಳಿಗೆ ಅದು ಟೆರಿಸ್ ವಿಟ್ಟಾಟ. ಮಣ್ಣಿನಲ್ಲಿರುವ ಆರ್ಸೆನಿಕ್ಕನ್ನು ಅದು ಬೇರಿನಿಂದ ಹೀರಿ ಗರಿಗಳಲ್ಲಿ ಗುಡ್ಡೆ ಹಾಕಿಕೊಳ್ಳುತ್ತದೆ ಎಂದು 2001ರಲ್ಲಿ ಅಮೆರಿಕದ ಫ್ಲಾರಿಡಾದ ಸಂಶೋಧಕರು ತೋರಿಸಿದರು. ಬೇರೆ ಗಿಡ ಸಾಯುವ ಪ್ರಮಾಣದಲ್ಲಿ ಇದು ಕೊಬ್ಬುತ್ತದೆ. ಗರಿಗಳನ್ನು ಆಗಾಗ ಕತ್ತರಿಸಿ, ದನ ಕುರಿಗೆ ಸಿಗದಂತೆ ಸುರಕ್ಷಿತವಾಗಿ ವಿಲೇವಾರಿ ಮಾಡಬೇಕು. ಮಣ್ಣು ಶುದ್ಧವಾಗಲು ವರ್ಷಗಳೇ ಬೇಕು. ಅವಸರವಿದ್ದರೆ ವಿಷದ ಮಣ್ಣಿನ ಮೇಲೆ ಒಳ್ಳೆಯ ಮಣ್ಣು ಹೊದಿಸಿ ಮುಚ್ಚುವುದು ವಾಡಿಕೆ.

ಈಗ ಒಂದು ಸಣ್ಣ ಗಣಿತ. ಒಂದು ಕಿಲೋಮೀಟರ್ ಉದ್ದ, ಹದಿನೈದು ಮೀಟರ್ ಅಗಲದ ಏರಿ ಎಂದರೆ ಒಂದೂವರೆ ಹೆಕ್ಟೇರು, ಸುಮಾರು ಮೂರು ಮುಕ್ಕಾಲು ಎಕರೆ. ಅಷ್ಟೇ ಜಾಗವನ್ನು ಚೌಕಾಕಾರದ ಪಾರ್ಕು ಮಾಡಿದರೆ ಅದರ ಸುತ್ತಳತೆ ಅರ್ಧ ಕಿಲೋಮೀಟರೂ ಆಗದು. ಏರಿಯ ಸುತ್ತಳತೆ ಎರಡು ಕಿಲೋಮೀಟರಿಗೂ ಹೆಚ್ಚು. ಅಂದರೆ ನಾಲ್ಕು ಪಟ್ಟು ಮನೆಗಳ ಬಾಗಿಲಿಗೆ ಅದೇ ಹಸಿರು ಹತ್ತಿರವಾಯಿತು. ಜನರಿಗೆ ಇದು ಲಾಭ, ಕಾಡುಜೀವಿಗಳಿಗೆ ನಷ್ಟ, ಏಕೆಂದರೆ ಎಲ್ಲವೂ ಅಂಚು, ಒಳಗು ಎಂಬುದೇ ಇಲ್ಲ. ಬೆಳಕು, ಗದ್ದಲ, ಬೀದಿನಾಯಿ ಎಲ್ಲ ಕಡೆಯಿಂದಲೂ ನುಗ್ಗುತ್ತವೆ. ದಟ್ಟ ಕಾಡಿನ ಪ್ರಾಣಿ ಇಲ್ಲಿ ನಿಲ್ಲದು. ಅಳಿಲು, ಮುಂಗುಸಿ, ಓತಿಕ್ಯಾತ, ಸೂರಕ್ಕಿ, ಚಿಟ್ಟೆಗಳಿಗೆ ಇದು ಸಾಕು. ಅವುಗಳಿಗೆ ಅಗಲಕ್ಕಿಂತ ಮುಖ್ಯವಾದದ್ದು ದಾರಿ ನಡುವೆ ಕಡಿದುಹೋಗದಿರುವುದು.

ಇದು ಬರೀ ಊಹೆಯಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ವಿಜ್ಞಾನಿಗಳು ಪೈನ್ ಕಾಡಿನ ನಡುವೆ ಮರ ತೆಗೆದು ಹುಲ್ಲುಗಾವಲಿನ ತುಣುಕುಗಳನ್ನು ಮಾಡಿದರು. ಕೆಲವು ತುಣುಕುಗಳ ನಡುವೆ ಕಿರಿದಾದ ಹುಲ್ಲಿನ ಪಟ್ಟಿಯೊಂದನ್ನು ಮಾಡಿ ಜೋಡಿಸಿದರು, ಕೆಲವನ್ನು ಒಂಟಿಯಾಗಿ ಬಿಟ್ಟರು. ವಿಸ್ತೀರ್ಣದ ಲೆಕ್ಕ ಸಮವಾಗಿರುವಂತೆ ನೋಡಿಕೊಂಡರು. ಹದಿನೆಂಟು ವರ್ಷ ಎಣಿಸಿ 2019ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಜೋಡಿಸಿದ ತುಣುಕುಗಳಲ್ಲಿ ಸಸ್ಯಜಾತಿಗಳು ಶೇ. 14ರಷ್ಟು ಹೆಚ್ಚಿದ್ದವು. ಆ ಅಂತರ ಮೊದಲ ವರ್ಷ ಕಾಣಲಿಲ್ಲ, ವರ್ಷ ವರ್ಷಕ್ಕೂ ಬೆಳೆಯುತ್ತ ಹೋಯಿತು. ಅಂದರೆ ಹಸಿರು ದಾರಿಯ ಫಲ ಉದ್ಘಾಟನೆಯ ದಿನ ಅಳೆಯುವಂಥದ್ದಲ್ಲ.

ಮರಗಳು ತಂಪು ಕೊಡುತ್ತವೆ ಎನ್ನುವುದಕ್ಕೂ ಲೆಕ್ಕವಿದೆ. ದಿನಕ್ಕೆ ನೂರು ಲೀಟರ್ ನೀರನ್ನು ಎಲೆಗಳಿಂದ ಆವಿ ಮಾಡುವ ದೊಡ್ಡ ಮರವೊಂದು ಅದಕ್ಕಾಗಿ ಸುತ್ತಲಿಂದ ಹೀರುವ ಶಾಖ ಸುಮಾರು 67 ಯೂನಿಟ್. ಒಂದು ಟನ್ನಿನ ಎ.ಸಿ. ಕೋಣೆಯೊಂದರಿಂದ ಹತ್ತೊಂಬತ್ತು ಗಂಟೆ ಹೊರದೂಡುವಷ್ಟು. ಎ.ಸಿ. ಆ ಶಾಖವನ್ನು ಬೀದಿಗೆ ಸುರಿಯುತ್ತದೆ, ಮರ ಹಾಗೆ ಮಾಡುವುದಿಲ್ಲ. ಆದರೆ ಈ ಲೆಕ್ಕದಲ್ಲಿ ನೂರು ಲೀಟರ್ ನೀರಿದೆ ಎಂಬುದನ್ನು ಮರೆಯಬಾರದು. ಮಂಡ್ಯದ ಸರಾಸರಿ ಮಳೆ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು. ಇಂಥ ಕಡೆ ಅದೇ ಒಂದೂವರೆ ಹೆಕ್ಟೇರಿಗೆ ಹುಲ್ಲುಹಾಸು ಹಾಕಿ, ಬೇಸಿಗೆಯಲ್ಲಿ ದಿನಕ್ಕೆ ಐದು ಮಿಲಿಮೀಟರ್ ನೀರು ಕೊಡಬೇಕೆಂದರೂ 75,000 ಲೀಟರ್ ಆಯಿತು. ಆರು ಸಾವಿರ ಲೀಟರಿನ ಹನ್ನೆರಡು ಹದಿಮೂರು ಟ್ಯಾಂಕರು, ದಿನಾಲೂ. ಕುಡಿಯುವ ನೀರಿಗೆ ಕೊಡ ಹಿಡಿದು ನಿಂತವರ ಎದುರು ಅಂಥ ಪಾರ್ಕು ಮಾಡುವುದು ನಾಚಿಕೆಗೇಡು. ಬೇವು, ಹೊಂಗೆ, ಹುಣಸೆ, ನೇರಳೆಯಂಥ ಮರ, ಬುಡಕ್ಕೆ ಮಳೆಗಾಲದಲ್ಲಿ ಹಸಿರಾಗಿ ಬೇಸಿಗೆಯಲ್ಲಿ ಒಣಗುವ ನಮ್ಮದೇ ಹುಲ್ಲು ಸಾಕು. ಆರು ತಿಂಗಳು ಕಂದುಬಣ್ಣಕ್ಕೆ ತಿರುಗುವ ಹಸಿರು ದಾರಿಯನ್ನು ಒಪ್ಪಿಕೊಳ್ಳಲು ಕಣ್ಣನ್ನು ರೂಢಿಸಿಕೊಳ್ಳಬೇಕು. ಆಲ, ಅರಳಿಗಳನ್ನು ಮಾತ್ರ ಹಳೇ ಸೇತುವೆ, ಮೋರಿಗಳಿಂದ ದೂರ ಇಡಬೇಕು, ಅವುಗಳ ಬೇರು ಗಾರೆಯ ಸಂದಿ ಹೊಕ್ಕರೆ ಕಲ್ಲನ್ನೇ ಸೀಳುತ್ತದೆ.

ಹೊರಗಿನ ಮೂರು ಊರುಗಳು ಈ ಕೆಲಸವನ್ನು ಮೂರು ಬಗೆಯಲ್ಲಿ ಮಾಡಿವೆ. ಹೆಚ್ಚು ಹೆಸರು ಬಂದದ್ದು ನ್ಯೂಯಾರ್ಕಿನ ಹೈಲೈನಿಗೆ. 1934ರಲ್ಲಿ ಕಟ್ಟಿದ ಕಂಬಗಳ ಮೇಲಿನ ರೈಲುದಾರಿ ಅದು, ಕೊನೆಯ ಗಾಡಿ ಓಡಿದ್ದು 1980ರಲ್ಲಿ. ಆಮೇಲೆ ಅಲ್ಲಿ ತಾನಾಗಿ ಬೆಳೆದಿದ್ದ 161 ಜಾತಿಯ ಗಿಡಗಳನ್ನು ಸಸ್ಯವಿಜ್ಞಾನಿಯೊಬ್ಬರು ಪಟ್ಟಿ ಮಾಡಿದರು. 2009ರಲ್ಲಿ ಜನರಿಗೆ ತೆರೆಯುವ ಮೊದಲು ಅದನ್ನೆಲ್ಲ ಕಿತ್ತು, ಹೊಸ ಮಣ್ಣು ತುಂಬಿ, ಕಾಡುಗಿಡದಂತೆ ಕಾಣುವ ಹೊಸ ಗಿಡ ನೆಟ್ಟರು. ಸುಂದರವಾಗಿದೆ, ಸುತ್ತಲಿನ ಮನೆಬಾಡಿಗೆ ಗಗನಕ್ಕೇರಿದೆ. ನನಗೆ ಬರ್ಲಿನ್ನಿನ ಉದಾಹರಣೆ ಹೆಚ್ಚು ಇಷ್ಟ. ಅಲ್ಲಿನ ಟೆಂಪೆಲ್‌ಹೋಫ್ ಶಂಟಿಂಗ್ ಯಾರ್ಡು 1952ರಲ್ಲಿ ನಿಂತಿತು. ನಗರ ಎರಡು ಹೋಳಾಗಿದ್ದ ಕಾರಣ ಆ ಜಾಗದ ಗೊಡವೆಗೆ ಯಾರೂ ಹೋಗಲಿಲ್ಲ. ಮೂವತ್ತು ವರ್ಷದಲ್ಲಿ ಅಲ್ಲೊಂದು ಕಾಡೇ ಎದ್ದಿತು. ಮತ್ತೆ ಗೂಡ್ಸ್ ಸ್ಟೇಷನ್ ಮಾಡುವ ಮಾತು ಬಂದಾಗ ನೆರೆಹೊರೆಯವರು ಎದ್ದು ನಿಂತು ತಡೆದರು. 2000ದಲ್ಲಿ 18 ಹೆಕ್ಟೇರಿನ ಆ ಜಾಗ ನಿಸರ್ಗ ಉದ್ಯಾನವಾಯಿತು. ನೀರಿನ ಗೋಪುರ, ಎಂಜಿನ್ ತಿರುಗಿಸುವ ಚಕ್ರಗಟ್ಟೆ ಅಲ್ಲೇ ಇವೆ, ಹಳಿಯ ನಡುವಿನ ಮರಗಳೂ ಅಲ್ಲೇ ಇವೆ. ನೆಲ ತುಳಿಯದಂತೆ ಉಕ್ಕಿನ ಅಟ್ಟಣೆಯ ಮೇಲೆ ಜನ ನಡೆಯುತ್ತಾರೆ. ಹಾಗೆಂದು ಕೈಕಟ್ಟಿ ಕೂತಿಲ್ಲ: ಬಿಟ್ಟರೆ ಮರಗಳೇ ಎಲ್ಲವನ್ನೂ ನುಂಗಿ ಬಯಲುಹೂವು, ಜೇನುನೊಣಗಳಿಗೆ ಜಾಗವಿರದೆಂದು ಹುಲ್ಲಿನ ತಾಣಗಳನ್ನು ಕೊಯ್ದು, ಮೇಯಿಸಿ ತೆರವಾಗಿ ಇಟ್ಟಿದ್ದಾರೆ. ನಮ್ಮ ಹವೆಗೆ ಹತ್ತಿರದ್ದು ಸಿಂಗಪುರ. 2011ರ ಜೂನ್ 30ರಂದು ಮಲೇಷ್ಯಾದ ರೈಲು ಆ ದ್ವೀಪದ ನಡುವೆ ಕೊನೆಯ ಬಾರಿ ಓಡಿತು. ಅದಕ್ಕೂ ಮೊದಲೇ, 2010ರಲ್ಲಿ, ಅಲ್ಲಿನ ನಿಸರ್ಗ ಸಂಘ ಇಡೀ ದಾರಿಯನ್ನು ಹಸಿರಾಗಿ ಉಳಿಸಿ ಎಂದು ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಒಂದು ಚದರಡಿ ನೆಲಕ್ಕೂ ಚಿನ್ನದ ಬೆಲೆಯಿರುವ ಊರು 24 ಕಿಲೋಮೀಟರ್ ಉದ್ದದ ದಾರಿಯನ್ನು ತುಂಡರಿಸದೆ ಇಟ್ಟುಕೊಂಡಿತು. ಅರ್ಜಿ ರೈಲು ನಿಲ್ಲುವ ಮೊದಲೇ ಹೋಗಿತ್ತು ಎಂಬುದನ್ನು ಗಮನಿಸಿ.

ನಮ್ಮಲ್ಲಿ ಹೀಗೆ ಆಗದಿರುವುದಕ್ಕೆ ತಾಂತ್ರಿಕ ಕಾರಣ ಯಾವುದೂ ಇಲ್ಲ. ರೈಲ್ವೆಗೆ ಬೇಡವಾದ ನೆಲದಿಂದ ಹಣ ಹುಟ್ಟಿಸಲೆಂದೇ ರೈಲು ಭೂ ಅಭಿವೃದ್ಧಿ ಪ್ರಾಧಿಕಾರವಿದೆ. ಬೆಂಗಳೂರಿನ ದಂಡು ರೈಲ್ವೆ ಕಾಲೊನಿಯ ಎಂಟೂವರೆ ಎಕರೆಯಷ್ಟು ಜಾಗದಲ್ಲಿ 368 ಮರ ಕಡಿಯುವ ಪ್ರಸ್ತಾವ ಬಂದಾಗ ಜನ ಆಕ್ಷೇಪಣೆ ಬರೆದರು. 2025ರಲ್ಲಿ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರುವ ಪ್ರಕ್ರಿಯೆಗೆ ರಾಜ್ಯ ಸರ್ಕಾರ ಕೈಹಾಕಿತು. ಜನರಿಗೆ ಅಲ್ಲಿ ಬಾಯಿ ಕೊಟ್ಟದ್ದು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ: ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಆದರೆ ಮರವಿಲ್ಲದ, ಜಲ್ಲಿ ಮಾತ್ರ ಇರುವ ಉದ್ದನೆಯ ಪಟ್ಟಿಗೆ ಇಂಥ ರಕ್ಷಣೆ ಇಲ್ಲ. ಒಂದು ಕಡೆ ಗೋದಾಮು, ಇನ್ನೊಂದು ಕಡೆ ಪಾರ್ಕಿಂಗು, ನಡುವೆ ಒಂದು ಗುಡಿ ಎದ್ದರೆ ಮುಗಿಯಿತು. ಮೊದಲು ಹೇಳಿದ ತರೀಕೆರೆಯ ದಾರಿಯಂತೆ ಅದೂ ನಕ್ಷೆಯಿಂದ ಅಳಿಸಿಹೋಗುತ್ತದೆ.

ಆದ್ದರಿಂದ ನಿಮ್ಮೂರಿನ ರೈಲುದಾರಿ ತಿರುಗಿಸುತ್ತಾರೆ, ಹಳೇ ಸೇತುವೆ ಬಿಟ್ಟು ಹೊಸದು ಕಟ್ಟುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಗಿಡ ತರಲು ನರ್ಸರಿಗೆ ಓಡಬೇಡಿ. ಗಿಡ ತಾನಾಗಿ ಬರುತ್ತದೆ. ಆ ಜಾಗದ ಸರ್ವೆ ನಕ್ಷೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಇಡೀ ಪಟ್ಟಿಯನ್ನು ತುಂಡು ಮಾಡದೆ ಸಾರ್ವಜನಿಕ ದಾರಿಯಾಗಿ ಉಳಿಸಿ ಎಂದು ಗ್ರಾಮಸಭೆಯಲ್ಲೋ ನಗರಸಭೆಯಲ್ಲೋ ಠರಾವು ಮಾಡಿಸಿ, ಅದರ ಪ್ರತಿಯನ್ನು ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೂ ಜಿಲ್ಲಾಧಿಕಾರಿಗೂ ಕಳಿಸಿ. ಹಳಿ ಕೀಳುವ ಮುಂಚೆಯೇ ಕಳಿಸಿ.